ಹಾರುವ ಹಂಬಲವೂ ಗಂಟಿನ ಪರೀಕ್ಷೆಯೂ

ಕೈಯಾರೆ ಮಾಡಿಕೊಂಡ ವಸ್ತುವಿನಲ್ಲಿ ಒಂದು ವಿಶೇಷವಾದ ಅಭಿಮಾನವಿರುವುದೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅಂಗಡಿಯ ಹಪ್ಪಳಕ್ಕಿಂತ ಮನೆಯ ಹಪ್ಪಳ ಮೇಲು. ಪೇಟೆಯಿಂದ ತಂದ ತೊಟ್ಟಿಲಿಗಿಂತ ಅಜ್ಜನು ಕೆತ್ತಿದ ತೊಟ್ಟಿಲು ಮೇಲು. ಈ ಅಭಿಮಾನವು ಯೋಗ್ಯವಾದುದೇ ಸರಿ. ಆದರೆ ಅದು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಂತು ಆಲೋಚಿಸಬೇಕು ಎಂಬ ಪ್ರಶ್ನೆಯು ಕೆಲವು ತಿಂಗಳ ಹಿಂದೆ ದಾವಣಗೆರೆಯ ನಮ್ಮ ಮನೆಯ ಜಗಲಿಯ ಮೇಲೆಯೇ ಬಂದು ಕುಳಿತುಕೊಂಡಿತು.

ಬಂದವನು ನಮ್ಮ ಹಳೆಯ ಶಿಷ್ಯ. ವಯಸ್ಸು ನಲವತ್ತರ ಸಮೀಪ. ಹರಿಹರದಲ್ಲಿ ಒಂದು ಲೇತ್ ಅಂಗಡಿಯನ್ನು ಇಟ್ಟುಕೊಂಡಿದ್ದಾನೆ. ಹರಿಹರವೆಂದೊಡನೆ ಹೊರಗಿನವರಿಗೆ ತುಂಗಭದ್ರೆಯ ದಡವೂ, ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯೂ ನೆನಪಿಗೆ ಬರುವುವು. ನಮ್ಮ ಸೀಮೆಯವರಿಗಾದರೋ ಅದರ ಜೊತೆಗೆ 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನೆನಪಿಗೆ ಬರುವುದು. ಅಲ್ಲಿಯ ಲೇತುಗಳು ದೇಶದ ಮೂಲೆಮೂಲೆಗೆ ಹೋದುವು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆಯು ಮುಚ್ಚಿತಾದರೂ ಅಲ್ಲಿ ಕೆಲಸ ಕಲಿತ ಕೈಗಳು ಊರನ್ನು ಬಿಟ್ಟುಹೋಗಲಿಲ್ಲ. ನಮ್ಮ ಶಿಷ್ಯನ ತಂದೆಯ ಕೈಯೂ ಅವುಗಳಲ್ಲೊಂದು. ಮಗನ ಕೈ ತಂದೆಯ ಕೈಗಿಂತಲೂ ಚುರುಕು.

ಅವನು ಜಗಲಿಯ ಮೇಲೆ ಎರಡು ವಸ್ತುಗಳನ್ನು ಇಟ್ಟನು. ಒಂದು, ಪೆನ್ಸಿಲಿನಿಂದ ಚಿತ್ರಗಳನ್ನು ಬರೆದು ತುಂಬಿಸಿದ ದೊಡ್ಡ ನೋಟುಪುಸ್ತಕ. ಇನ್ನೊಂದು, ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥದ ಪ್ರತಿ.

“ಮೇಷ್ಟ್ರೇ, ಒಬ್ಬರು ಕೂತು ಹಾರುವಂಥ ಸಣ್ಣ ವಿಮಾನ ಕಟ್ಟುತ್ತಿದ್ದೇನೆ. ಚೌಕಟ್ಟು ಮುಗಿದಿದೆ. ಸಂಕ್ರಾಂತಿ ಹೊತ್ತಿಗೆ ಭತ್ತ ಕೊಯ್ದ ಗದ್ದೆಯಲ್ಲಿ ಹಾರಿಸಬೇಕು. ಈ ಪುಸ್ತಕದಲ್ಲಿ ನಮಗೆ ಉಪಯೋಗ ಆಗುವಂಥದ್ದು ಏನಾದರೂ ಇದ್ದರೆ ನೀವು ಅರ್ಥ ಹೇಳಬೇಕು” ಎಂದನು.

ನೋಡಿ ತಿಳಿಸುವೆವೆಂದು ಹೇಳಿ ಕಳುಹಿಸಿದೆವು. ಎರಡು ದಿನಗಳ ಮೇಲೆ ಅವನ ಹೆಂಡತಿಯು ಏಳು ವರ್ಷದ ಮಗಳ ಕೈ ಹಿಡಿದುಕೊಂಡು ಒಬ್ಬಳೇ ಬಂದಳು. ನಮ್ಮ ಮನೆಯವರೊಡನೆ ಒಳಗೆ ಬಹಳ ಹೊತ್ತು ಮಾತಾಡಿದ ಮೇಲೆ ಹೊರಗೆ ಬಂದು ಬಾಗಿಲ ಬಳಿ ನಿಂತು, “ಮೇಷ್ಟ್ರೇ, ನಾನು ಬಂದಿದ್ದು ಅವರಿಗೆ ಗೊತ್ತಿಲ್ಲ. ನಾನು ಬೇಡ ಅಂದರೆ ಹೆಣ್ಣುಮಕ್ಕಳ ಅಂಜಿಕೆ ಅಂತಾರೆ. ನೀವು ಹೇಳಿದರೆ ಕೇಳ್ತಾರೆ” ಎಂದಳು. ಹೀಗೆ ವ್ಯಾಕರಣವನ್ನು ಕಲಿಸಿ ನಿವೃತ್ತರಾದ ನಾವು ವಿಮಾನದ ವಿಷಯವನ್ನು ಓದಬೇಕಾಗಿ ಬಂದಿತು. ಓದಿ ತಿಳಿದುದನ್ನೂ ಕಣ್ಣಾರೆ ಕಂಡುದನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ. ಏಕೆಂದರೆ ಇಂತಹ ಹಂಬಲವುಳ್ಳ ಮಗನೋ ಅಳಿಯನೋ ತಮ್ಮನೋ ಯಾರ ಮನೆಯಲ್ಲಿಯೂ ಇರಬಹುದು.

ಮೊದಲು ಗ್ರಂಥದ ಮಾತು. ಇದು ಭರದ್ವಾಜ ಮಹರ್ಷಿಗಳದೆಂದು ಪ್ರಸಿದ್ಧಿ. ವಾಸ್ತವವಾಗಿ ಇದನ್ನು ಹೇಳಿ ಬರೆಯಿಸಿದವರು ನಮ್ಮ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ಕಾಲವು ಇಪ್ಪತ್ತನೆಯ ಶತಮಾನದ ಮೊದಲ ಭಾಗ. ಚಿತ್ರಗಳನ್ನು ಬರೆದುಕೊಟ್ಟವರು ಆ ಕಾಲದ ಒಬ್ಬ ನಕ್ಷೆಗಾರರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸಿದರು. ಮರುವರ್ಷವೇ, ಎಂದರೆ 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಇದರ ಭಾಷೆಯನ್ನೂ ಚರಿತ್ರೆಯನ್ನೂ ಯಂತ್ರಗಳನ್ನೂ ಪರಿಶೀಲಿಸಿ, ಗ್ರಂಥವು ಪ್ರಾಚೀನವಲ್ಲವೆಂದೂ, ಅದರಲ್ಲಿ ವರ್ಣಿಸಿರುವ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳಲ್ಲಿ ಯಾವುದೂ ಹಾರಲಾರದೆಂದೂ ನಿರ್ಣಯಿಸಿದರು. ಸಂಸ್ಕೃತವನ್ನೇ ನಂಬಿ ಬಾಳಿದ ನಮಗೂ ಓದಿದಾಗ ಹಾಗೆಯೇ ತೋರಿತು; ಶೈಲಿಯು ಋಷಿಗಳ ಕಾಲದ್ದಲ್ಲ. ನಮ್ಮ ಪೂರ್ವಿಕರ ಗೌರವಕ್ಕೆ ಇದರಿಂದ ಕುಂದೇನೂ ಇಲ್ಲ. ಪುಷ್ಪಕವು ಕಾವ್ಯದಲ್ಲಿ ಹಾರಿತು; ಕಾವ್ಯದಲ್ಲಿ ಹಾರುವುದಕ್ಕೆ ಬೆಸುಗೆ ಬೇಕಾಗಿಲ್ಲ. ಭತ್ತದ ಗದ್ದೆಯಿಂದ ಏಳತಕ್ಕ ವಿಮಾನಕ್ಕೆ ಶಬ್ದಪ್ರಮಾಣ ಸಾಲದು, ಪ್ರತ್ಯಕ್ಷಪ್ರಮಾಣವೇ ಬೇಕು. ಇದನ್ನು ಶಿಷ್ಯನಿಗೆ ಹೇಳಿದಾಗ ಅವನ ಮುಖ ಸ್ವಲ್ಪ ಬಾಡಿತು. ಆದರೂ ಗ್ರಂಥವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, “ಹಾಗಾದರೆ ಕಟ್ಟುವುದೇ ತಪ್ಪೋ?” ಎಂದು ಕೇಳಿದನು.

ತಪ್ಪೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಜಗತ್ತಿನ ಮೊದಲನೆಯ ವಿಮಾನವೇ ಮನೆಯಲ್ಲಿ ಕಟ್ಟಿದ ವಿಮಾನವಲ್ಲವೇ? ರೈಟ್ ಸಹೋದರರು ಸೈಕಲ್ ಅಂಗಡಿಯವರು. ಅವರ ಹನ್ನೆರಡು ಅಶ್ವಶಕ್ತಿಯ ಎಂಜಿನನ್ನು ಆರು ವಾರಗಳಲ್ಲಿ ಮಾಡಿದವನು ಚಾರ್ಲಿ ಟೇಲರನೆಂಬ ಅಂಗಡಿಯ ಕೆಲಸಗಾರ. ಅವನಿಗಿದ್ದ ಮುಖ್ಯ ಸಾಧನಗಳು ಒಂದು ಲೇತು ಮತ್ತು ಒಂದು ಡ್ರಿಲ್ಲಿಂಗ್ ಯಂತ್ರ. ಈ ಮಾತನ್ನು ಕೇಳಿ ಶಿಷ್ಯನ ಕಣ್ಣು ಮಿನುಗಿತು. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕಷ್ಟೆ. 1896ರಲ್ಲಿ ಜರ್ಮನಿಯ ಲಿಲಿಯೆಂತಾಲನು ತನ್ನ ತೇಲುವ ರೆಕ್ಕೆಗಳಿಂದ ಬಿದ್ದು ಸತ್ತುದನ್ನು ಆ ಸಹೋದರರು ಓದಿದ್ದರು. ಆದುದರಿಂದ ಅವರು ಎಂಜಿನಿಗೆ ಕೈ ಹಚ್ಚುವ ಮೊದಲು ಮೂರು ವರ್ಷ ಎಂಜಿನಿಲ್ಲದ ಗ್ಲೈಡರುಗಳನ್ನು ಕಟ್ಟಿದರು. 1901ರಲ್ಲಿ ಮರದ ಪೆಟ್ಟಿಗೆಯಲ್ಲಿ ಗಾಳಿ ಬೀಸಿ ಇನ್ನೂರರಷ್ಟು ರೆಕ್ಕೆಯ ಆಕಾರಗಳನ್ನು ಪರೀಕ್ಷಿಸಿದರು. ಮರಳುದಿಬ್ಬದ ಮೇಲಿಂದ ನೂರಾರು ಸಲ ತೇಲಿ ಸಮತೋಲನವನ್ನು ಅಭ್ಯಾಸ ಮಾಡಿದರು. 1903ರ ಡಿಸೆಂಬರ್ 17ರಂದು ಅವರ ಯಂತ್ರವು ಹನ್ನೆರಡು ಸೆಕೆಂಡುಗಳ ಕಾಲ, 120 ಅಡಿಗಳ ದೂರ ಹಾರಿದುದು ಇಷ್ಟರ ಫಲ. ಅವರು ಹಾರಲು ಕಲಿತು ಆಮೇಲೆ ವಿಮಾನ ಕಟ್ಟಿದರು; ನಮ್ಮ ಶಿಷ್ಯನು ವಿಮಾನ ಕಟ್ಟಿ ಆಮೇಲೆ ಹಾರಲು ಕಲಿಯುವವನಿದ್ದನು.

ಮನೆಯಲ್ಲಿ ಕಟ್ಟುವ ವಿಮಾನದ ಚರಿತ್ರೆಯಲ್ಲಿ ಫ್ರಾನ್ಸಿನ ಆನ್ರಿ ಮಿನ್ಯೆ ಎಂಬವನ ಕಥೆಯು ಬಹಳ ಬೋಧಪ್ರದವಾದುದು. ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲನೆಂಬುದು ಅವನ ಮತ. 1934ರಲ್ಲಿ ಅವನು ತನ್ನ ಪುಟ್ಟ ವಿಮಾನದ ನಕ್ಷೆಗಳನ್ನು ಪುಸ್ತಕವಾಗಿ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದಕ್ಕೆ ಹಾರುವ ಚಿಗಟವೆಂದು ಹೆಸರಾಯಿತು. ಅನೇಕರು ಮನೆಗಳಲ್ಲಿಯೂ ಕೊಟ್ಟಿಗೆಗಳಲ್ಲಿಯೂ ಅದನ್ನು ಕಟ್ಟಿದರು. ಮಿನ್ಯೆ ತಾನೇ ಅದರಲ್ಲಿ ಕ್ಷೇಮವಾಗಿ ಹಾರುತ್ತಿದ್ದನು. ಆದುದರಿಂದ ಅದರಲ್ಲಿ ದೋಷವಿದೆಯೆಂದು ಯಾರೂ ಸಂಶಯಪಡಲಿಲ್ಲ. ಆಮೇಲೆ ಒಬ್ಬರ ಹಿಂದೊಬ್ಬರು ಮೂಗು ಮುಂದಾಗಿ ನೆಲಕ್ಕೆ ಬಿದ್ದು ಸಾಯತೊಡಗಿದರು. 1936ರಲ್ಲಿ ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಇಡೀ ವಿಮಾನವನ್ನೇ ದೊಡ್ಡ ಗಾಳಿಯ ಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಕಾರಣ ಹೊರಬಿತ್ತು: ಮೂಗು ಒಂದು ಮಿತಿಯನ್ನು ಮೀರಿ ಕೆಳಗೆ ಬಾಗಿದರೆ ಮುಂದಿನ ರೆಕ್ಕೆಯೂ ಹಿಂದಿನ ರೆಕ್ಕೆಯೂ ಒಂದಕ್ಕೊಂದು ಅಡ್ಡಬಂದು, ಚಾಲಕನು ಎಷ್ಟು ಎಳೆದರೂ ಮೂಗು ಮೇಲೇಳುತ್ತಿರಲಿಲ್ಲ. ಕಟ್ಟಿದವರ ಕೈಕೆಲಸದಲ್ಲಿ ತಪ್ಪಿರಲಿಲ್ಲ. ನಕ್ಷೆಯಲ್ಲಿಯೇ ಮೃತ್ಯುವು ಅಡಗಿ ಕುಳಿತಿತ್ತು.

ಇನ್ನು ನಮ್ಮ ನಾಡಿನ ಸಂಗತಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಸಣ್ಣ ವಿಮಾನದ ಕೆಲಸವನ್ನು ಕೈಗೊಂಡಾಗ, ಅಷ್ಟು ಮಂದಿ ವಿಜ್ಞಾನಿಗಳಿದ್ದೂ ಮೊದಲಿಗೆ ಸ್ವಂತ ನಕ್ಷೆಯಿಂದ ತೊಡಗಲಿಲ್ಲ. ಬರ್ಟ್ ರುಟಾನನೆಂಬ ಅಮೆರಿಕದ ವಿನ್ಯಾಸಕಾರನು ಹವ್ಯಾಸಿಗಳಿಗಾಗಿಯೇ ರಚಿಸಿದ ‘ಲಾಂಗ್-ಈಜೀ’ ಎಂಬ ವಿಮಾನವನ್ನು ಆಧಾರವಾಗಿಟ್ಟುಕೊಂಡು ಒಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಆ ಅನುಭವದ ಮೇಲೆ ‘ಹಂಸ’ವೆಂಬ ಎರಡು ಆಸನಗಳ ವಿಮಾನವನ್ನು ರೂಪಿಸಿ 1993ರಲ್ಲಿ ಮೊದಲ ಸಲ ಹಾರಿಸಿತು. ಅದಕ್ಕೆ ಸರಕಾರದ ಪ್ರಮಾಣಪತ್ರ ದೊರೆತುದು 2000ದಲ್ಲಿ. ಹಾರಿದ ಮೇಲೆಯೂ ಏಳು ವರ್ಷ ಪರೀಕ್ಷೆ! ಅದೇ ಸಂಸ್ಥೆಯ ‘ಸರಸ್’ ಎಂಬ ದೊಡ್ಡ ವಿಮಾನವು 2009ರ ಮಾರ್ಚ್ 6ರಂದು, ಹಾರುತ್ತಿರುವಾಗಲೇ ಒಂದು ಎಂಜಿನನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆಯಲ್ಲಿ, ಬಿಡದಿಯ ಸಮೀಪ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಮಡಿದರು. ನುರಿತವರಿಗೂ ಆಕಾಶವು ರಿಯಾಯಿತಿ ತೋರಿಸುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಸಾಮಾನ್ಯ ಗೃಹಸ್ಥನಿಗೆ ಈ ದಾರಿ ಸಂಪೂರ್ಣವಾಗಿ ಮುಚ್ಚಿದೆಯೆಂದು ತಿಳಿಯತಕ್ಕದ್ದಲ್ಲ. ಬೆಂಗಳೂರಿನಲ್ಲಿಯೇ ರಾಜ್ ಹಂಸ ಎಂಬ ಸಂಸ್ಥೆಯು ತಯಾರಿಸಿದ ‘ಎಕ್ಸ್-ಏರ್’ ಎಂಬ ಹಗುರ ವಿಮಾನವು ಬಿಡಿಭಾಗಗಳ ರೂಪದಲ್ಲಿ ಪೆಟ್ಟಿಗೆಗಳಲ್ಲಿ ಪರದೇಶಗಳಿಗೆ ಹೋಗಿ, ಅಲ್ಲಿಯ ಹವ್ಯಾಸಿಗಳ ಕೈಯಿಂದ ಜೋಡಣೆಗೊಂಡು ಹಾರಿತು. ಅಲ್ಯೂಮಿನಿಯಂ ಕೊಳವೆಗಳನ್ನು ಬೋಲ್ಟುಗಳಿಂದ ಬಿಗಿದು, ಮೇಲೆ ಪಾಲಿಯೆಸ್ಟರ್ ಬಟ್ಟೆಯನ್ನು ದಿಂಬಿನ ಚೀಲದಂತೆ ತೊಡಿಸುವ ಕ್ರಮ ಅದರದು. ಜೋಡಿಸುವವನು ಹವ್ಯಾಸಿಯಾದರೂ ಬಟ್ಟೆಯನ್ನು ತೊಡಿಸುವ ಮೊದಲು ಒಳಗನ್ನು ನೋಡಿ ಸಹಿ ಹಾಕುವ ಪರಿಶೀಲಕನು ಬೇರೊಬ್ಬನಿರುವುದು ಬ್ರಿಟನ್ನಿನಂತಹ ದೇಶಗಳ ಪದ್ಧತಿ. ಈ ಪದ್ಧತಿಯ ಮಹತ್ತ್ವವನ್ನು ಮುಂದೆ ಹೇಳುವೆವು.

ಮೇಲೆ ಹೇಳಿದ ಲಾಂಗ್-ಈಜೀ ವಿಮಾನಕ್ಕೆ ಸಂಬಂಧಿಸಿದ ಇನ್ನೊಂದು ಪ್ರಸಂಗವುಂಟು. ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರನು ಹವ್ಯಾಸಿಯೊಬ್ಬನು ಕಟ್ಟಿದ ಅಂತಹ ಒಂದು ವಿಮಾನವನ್ನು ಕೊಂಡುಕೊಂಡಿದ್ದನು. ಒಂದು ತೊಟ್ಟಿಯ ಪೆಟ್ರೋಲು ಮುಗಿದಾಗ ಇನ್ನೊಂದಕ್ಕೆ ತಿರುಗಿಸುವ ಕೀಲಿಯು ನಕ್ಷೆಯಲ್ಲಿ ಚಾಲಕನ ಮುಂದುಗಡೆಯಲ್ಲಿತ್ತು. ಕಟ್ಟಿದವನು ತನಗೆ ಯುಕ್ತವೆಂದು ತೋರಿದಂತೆ ಅದನ್ನು ಚಾಲಕನ ಎಡಭುಜದ ಹಿಂದಕ್ಕೆ ಸರಿಸಿದ್ದನು. 1997ರ ಅಕ್ಟೋಬರ್ 12ರಂದು, ಪೆಟ್ರೋಲು ಕಡಿಮೆಯಿದ್ದ ಹೊತ್ತಿನಲ್ಲಿ, ಆ ಕೀಲಿಯನ್ನು ಹಿಡಿಯಲು ದೇಹವನ್ನು ತಿರುಗಿಸಿದಾಗ ಕಾಲು ಪೆಡಲನ್ನು ಒತ್ತಿ ವಿಮಾನವು ಕೈತಪ್ಪಿ ಸಮುದ್ರಕ್ಕೆ ಬಿತ್ತೆಂದು ತನಿಖೆಯವರು ತೀರ್ಮಾನಿಸಿದರು. ನಕ್ಷೆ ಒಳ್ಳೆಯದು, ಕೆಲಸವೂ ಅಚ್ಚುಕಟ್ಟು; ಆದರೆ ಕಟ್ಟಿದವನು ಮಾಡಿದ ಒಂದು ಸಣ್ಣ ತಿದ್ದುಪಡಿಯು ಬೇರೊಬ್ಬನ ಪ್ರಾಣಕ್ಕೆ ಮುಳುವಾಯಿತು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯು 2012ರಲ್ಲಿ ಈ ವಿಷಯವನ್ನು ವಿಚಾರಿಸಿ ಪ್ರಕಟಿಸಿದ ಲೆಕ್ಕ ಹೀಗಿದೆ: ಅಲ್ಲಿಯ ಸಾಮಾನ್ಯ ಖಾಸಗಿ ವಿಮಾನಗಳಲ್ಲಿ ಹವ್ಯಾಸಿಗಳು ಕಟ್ಟಿದವು ನೂರಕ್ಕೆ ಹತ್ತರಷ್ಟು, 2011ರ ಅಪಘಾತಗಳಲ್ಲಿ ಅವುಗಳ ಪಾಲು ನೂರಕ್ಕೆ 15, ಪ್ರಾಣಹಾನಿಯಾದ ಅಪಘಾತಗಳಲ್ಲಿ ನೂರಕ್ಕೆ 21. ಎಂಜಿನಿನ ದೋಷವೂ ಹತೋಟಿ ತಪ್ಪುವುದೂ ಮುಖ್ಯ ಕಾರಣಗಳು. ಅದರಲ್ಲಿಯೂ ವಿಮಾನದ ಮೊದಮೊದಲ ಹಾರಾಟಗಳಲ್ಲಿಯೇ ಅಪಾಯ ಹೆಚ್ಚು.

ಇನ್ನು ಸಾಧ್ಯಾಸಾಧ್ಯತೆಯ ವಿಚಾರ. ಸಿದ್ಧವಾದ ಬಿಡಿಭಾಗಗಳಿಂದ ಜೋಡಿಸುವ ವಿಮಾನಕ್ಕೂ ಸಾವಿರದಿಂದ ಎರಡು ಸಾವಿರ ಗಂಟೆಗಳವರೆಗೆ ಕೆಲಸ ಹಿಡಿಯುವುದು ಸಾಮಾನ್ಯ. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ದುಡಿದರೆ 1,500 ಗಂಟೆಗಳಿಗೆ 150 ವಾರಗಳಾದುವು, ಎಂದರೆ ಸುಮಾರು ಮೂರು ವರ್ಷ. ವಿಮಾನಕ್ಕೆಂದೇ ಮಾಡಿದ ಎಂಜಿನೊಂದಕ್ಕೇ ಹಲವು ಲಕ್ಷ ರೂಪಾಯಿಗಳು. ಆಮೇಲೆ ಕಾನೂನು. ನಮ್ಮ ದೇಶದಲ್ಲಿ 1934ರಿಂದ ಇದ್ದ ವಿಮಾನ ಕಾಯಿದೆಯ ಸ್ಥಳದಲ್ಲಿ 2025ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಯಲ್ಲಿದೆ. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದಲ್ಲಿ ನೋಂದಾಯಿಸದೆ, ಹಾರಾಟದ ಅನುಮತಿಯಿಲ್ಲದೆ, ಚಾಲಕನ ಪರವಾನಗಿಯಿಲ್ಲದೆ ಗದ್ದೆಯಿಂದ ಹಾರುವುದು ಅಪರಾಧ. ಖಾಸಗಿ ಚಾಲಕನ ಪರವಾನಗಿಗೆ ಹದಿನೇಳು ವರ್ಷ ತುಂಬಿರಬೇಕು. ಕನಿಷ್ಠ 40 ಗಂಟೆ ಹಾರಿರಬೇಕು. ಮುಂಬಯಿಯ ಅಮೋಲ್ ಯಾದವರು ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನವನ್ನು ಕಟ್ಟಿ 2016ರ ಪ್ರದರ್ಶನದಲ್ಲಿ ಇಟ್ಟರು. ಅವರು ವೃತ್ತಿಯಿಂದಲೇ ವಿಮಾನಚಾಲಕರು. ಆದರೂ ನೋಂದಣಿಯಾದುದು 2017ರಲ್ಲಿ. ಪರೀಕ್ಷಾರ್ಥ ಹಾರಿಸಲು ಅನುಮತಿ ದೊರೆತುದು 2019ರಲ್ಲಿ. ಇದನ್ನು ಕೇಳಿ ನಮ್ಮ ಶಿಷ್ಯನು ಸರಕಾರದ ನಿಧಾನವನ್ನು ಹಳಿದನು. ನಿಧಾನದಲ್ಲಿ ಸ್ವಲ್ಪ ಭಾಗ ಹಳಿಯತಕ್ಕದ್ದೇ ಇರಬಹುದು. ಉಳಿದುದು ಪ್ರಾಣವನ್ನು ಕಾಯುವ ನಿಧಾನ.

ಒಂದು ಭಾನುವಾರ ನಾವು ಹರಿಹರಕ್ಕೆ ಹೋದೆವು. ಭೌತಶಾಸ್ತ್ರವನ್ನು ಕಲಿಸಿ ನಿವೃತ್ತರಾದ ಮಿತ್ರರೊಬ್ಬರನ್ನು ಜೊತೆಗೆ ಕರೆದುಕೊಂಡಿದ್ದೆವು. ಅಂಗಡಿಯ ಹಿಂದಿನ ತಗಡಿನ ಮಾಡಿನ ಕೆಳಗೆ ಆ ಯಂತ್ರವಿತ್ತು: ಕಬ್ಬಿಣದ ತೆಳು ಕೊಳವೆಗಳ ಚೌಕಟ್ಟು, ಆಸನದ ಹಿಂದೆ ಮೋಟಾರ್ ಸೈಕಲಿನ ಎಂಜಿನ್, ಎರಡು ಉದ್ದ ರೆಕ್ಕೆಗಳು. ನೋಡಲು ಬಹಳ ಸೊಗಸು, ಸುಳ್ಳು ಹೇಳಲಾರೆವು.

ಮಿತ್ರರು ಸಾವಕಾಶವಾಗಿ ಒಂದೊಂದಾಗಿ ಕೇಳಿದರು. ಎಂಜಿನಿನ ಮಾತು ಮೊದಲು. ಮೋಟಾರ್ ಸೈಕಲಿನ ಎಂಜಿನು ರಸ್ತೆಯಲ್ಲಿ ತನ್ನ ಪೂರ್ಣ ಶಕ್ತಿಯನ್ನು ತೋರಿಸುವುದು ಕ್ಷಣಮಾತ್ರ. ವಿಮಾನದ ಎಂಜಿನು ತನ್ನ ಶಕ್ತಿಯ ಮುಕ್ಕಾಲು ಪಾಲನ್ನು ಗಂಟೆಗಟ್ಟಲೆ ಕೊಡುತ್ತಲೇ ಇರಬೇಕು. ಎಂಜಿನು ನಿಂತರೆ ವಿಮಾನವು ಕಲ್ಲಿನಂತೆ ಬೀಳುವುದೆಂದು ಜನರು ತಿಳಿದಿರುವುದು ಸರಿಯಲ್ಲ. ಮೂಗನ್ನು ತಗ್ಗಿಸಿ ವೇಗವನ್ನು ಉಳಿಸಿಕೊಂಡರೆ ಅದು ತೇಲಿಕೊಂಡು ಇಳಿಯುವುದು. ಆದರೆ ಇಳಿಯುವ ಕಡೆ ತೆಂಗಿನ ತೋಟ, ವಿದ್ಯುತ್ತಿನ ತಂತಿ, ಕಾಲುವೆ ಇದ್ದರೆ ಗತಿಯೇನು? ಅದಕ್ಕಿಂತ ಹೆಚ್ಚಿನದು, ಗಾಬರಿಯಿಂದ ಮೂಗನ್ನು ಮೇಲಕ್ಕೆತ್ತುವವನ ಗತಿಯೇನು? ರೆಕ್ಕೆಯು ಎತ್ತುವ ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದು. ವೇಗವು ಅರ್ಧಕ್ಕಿಳಿದರೆ ಶಕ್ತಿಯು ಕಾಲುಭಾಗಕ್ಕಿಳಿಯುವುದು. ಅದನ್ನು ಸರಿತೂಗಿಸಲು ಮೂಗನ್ನು ಮೇಲೆತ್ತುತ್ತ ಹೋದರೆ ಒಂದು ಘಟ್ಟದಲ್ಲಿ ರೆಕ್ಕೆಯ ಮೇಲಣ ಗಾಳಿಯ ಹರಿವು ಕಿತ್ತುಹೋಗಿ ವಿಮಾನವು ಕುಸಿಯುವುದು. ಇದನ್ನು ಸ್ಟಾಲ್ ಎನ್ನುತ್ತಾರೆ. ನಮ್ಮ ಸೀಮೆಯು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಗೆಯ ಮಧ್ಯಾಹ್ನದಲ್ಲಿ ಇಲ್ಲಿಯ ಕಾದ ಗಾಳಿಯು ಇನ್ನೂ ತೆಳುವಾಗಿ ರೆಕ್ಕೆಗೂ ಎಂಜಿನಿಗೂ ಆಧಾರವನ್ನು ಕಡಿಮೆ ಮಾಡುವುದು.

ಆಮೇಲೆ ತೂಕದ ಹಂಚಿಕೆ. ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಇದು ಬೇಗ ತಿಳಿಯುವುದು: ಭಾರವು ಹಿಂದಕ್ಕಾದರೆ ನೊಗವು ಎತ್ತುಗಳ ಹೆಗಲನ್ನು ಬಿಟ್ಟು ಮೇಲೇಳುವುದು. ವಿಮಾನದಲ್ಲಿಯೂ ಹಾಗೆಯೇ. ಭಾರವು ಗೊತ್ತಾದ ಮಿತಿಗಿಂತ ಹಿಂದಕ್ಕಾದರೆ ಮೂಗು ತಾನಾಗಿಯೇ ಮೇಲೇಳುವುದು. ಸ್ಟಾಲಿಗೆ ಸಿಕ್ಕಿದ ಮೇಲೆ ಅದನ್ನು ಕೆಳಗಿಳಿಸಲು ಚಾಲಕನ ಕೈಯಲ್ಲಾಗದು. “ಎಂಜಿನು ಹಿಂದೆ ಇದೆಯಲ್ಲ, ತೂಕ ಹಾಕಿ ನೋಡಿದ್ದೀರಾ?” ಎಂದು ಮಿತ್ರರು ಕೇಳಿದರು. ಅವನು ನೋಡಿರಲಿಲ್ಲ.

ಕೊನೆಗೆ ಬೆಸುಗೆಗಳ ಮಾತು ಬಂದಾಗ ಅವನಿಗೆ ಸ್ವಲ್ಪ ರೋಷ ಬಂದಿತು. “ಮೇಷ್ಟ್ರೇ, ಬೆಸುಗೆ ವಿಷಯ ಮಾತ್ರ ಕೇಳಬೇಡಿ. ಒಂದೊಂದನ್ನೂ ನಾನೇ ಹಾಕಿದ್ದೇನೆ, ನಾನೇ ನೋಡಿದ್ದೇನೆ” ಎಂದನು.

ಆ ಮಾತನ್ನು ಕೇಳಿ, ನಾವು ಬಹುಕಾಲ ಯಾರಿಗೂ ಹೇಳದೆ ಇದ್ದ ಒಂದು ಸಂಗತಿಯನ್ನು ಅವನಿಗೆ ಹೇಳಿದೆವು. ನಮಗಾಗ ಹದಿನೆಂಟು ವರ್ಷ. ನಾಗರಪಂಚಮಿಗೆ ಊರಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟುವ ಕೆಲಸ ನಮ್ಮದು. ಹಗ್ಗವನ್ನು ನಾವೇ ಆರಿಸಿದೆವು, ಗಂಟನ್ನು ನಾವೇ ಹಾಕಿದೆವು, ಹತ್ತಿ ಜಗ್ಗಿ ನೋಡಿದವರೂ ನಾವೇ. ಮನೆಗೆ ಬಂದಿದ್ದ ಸೋದರಮಾವನು, “ಒಂದು ಸಲ ನಾನೂ ನೋಡಲೇನೋ?” ಎಂದಾಗ, “ಬೇಡ ಮಾವ, ನೋಡಿ ಆಗಿದೆ” ಎಂದೆವು. ನಮ್ಮ ತಂಗಿಯು ಜೀಕಿ ಎತ್ತರಕ್ಕೆ ಹೋದಾಗ ಗಂಟಿನ ಒಳಗೆ ಸವೆದಿದ್ದ ಹಗ್ಗವು ಹರಿಯಿತು. ಅವಳ ಬಲಗೈ ಮೊಳಕೈಯಲ್ಲಿ ಮುರಿಯಿತು. ಇಂದಿಗೂ ಪೂರ್ತಿ ನೀಳವಾಗುವುದಿಲ್ಲ. ರಾಖಿಯನ್ನು ಕಟ್ಟುವಾಗಲೆಲ್ಲ ಆ ಕೈ ನಮ್ಮ ಮುಂದೆ ಬರುತ್ತದೆ. ಅವಳು ಒಂದು ದಿನವೂ ಅದರ ಮಾತೆತ್ತಿದವಳಲ್ಲ. ಗಂಟು ಹಾಕಿದ ಕೈಯೇ ಗಂಟನ್ನು ಪರೀಕ್ಷಿಸಿತ್ತು, ತಪ್ಪು ಅದೇ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ಮೇಲೆ ನಮಗೆ ತಿಳಿದುದೂ ಇದೇ: ತಾನು ಬರೆದ ತಪ್ಪು ತನ್ನ ಕಣ್ಣಿಗೆ ಸರಿಯಾಗಿಯೇ ಕಾಣುವುದು.

ಶಿಷ್ಯನು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ತಾನೇ, “ಹಾಗಾದರೆ ಪರೀಕ್ಷೆ ಮಾಡೋಣ, ಹೇಗೆಂದು ಹೇಳಿ” ಎಂದನು.

ಮಿತ್ರರು ಲೆಕ್ಕ ಹಾಕಿದರು. ಆಳು ಸಹಿತ ವಿಮಾನದ ತೂಕ 300 ಕಿಲೋ ಎಂದಿಟ್ಟುಕೊಂಡರೆ ನೆಟ್ಟಗೆ ಹಾರುವಾಗ ಒಂದೊಂದು ರೆಕ್ಕೆಗೆ 150 ಕಿಲೋ ಭಾರ. 60 ಡಿಗ್ರಿ ಓರೆಯಾಗಿ ತಿರುಗಿದರೆ ಆ ಭಾರವು ಇಮ್ಮಡಿಯಾಗಿ 300 ಕಿಲೋ ಆಗುವುದು. ಬಿರುಗಾಳಿಯ ಹೊಡೆತವನ್ನೂ ತಡೆಯಬೇಕಾದುದರಿಂದ, ಸಾಮಾನ್ಯವಾದ ಸಣ್ಣ ವಿಮಾನದ ರೆಕ್ಕೆಯು ತೂಕದ 3.8ರಷ್ಟನ್ನು ಬಾಗಿ ಕೆಡದಂತೆ ಹೊರಬೇಕು. ಅದರ ಮೇಲೆ ಇನ್ನರ್ಧ ಸೇರಿಸಿದರೂ ಮುರಿಯಬಾರದು. ಎಂದರೆ ಒಂದು ರೆಕ್ಕೆಗೆ 570 ಕಿಲೋ ಹೊರುವ ಬಲ, 855 ಕಿಲೋವರೆಗೆ ಮುರಿಯದ ಗಟ್ಟಿತನ. ರೆಕ್ಕೆಯನ್ನು ಚೌಕಟ್ಟಿಗೆ ಬಿಗಿದು ಮಗುಚಿ ನಿಲ್ಲಿಸಿ, ಮೇಲೆ ಮರಳಿನ ಚೀಲಗಳನ್ನು ಪೇರಿಸುತ್ತ ಹೋಗುವುದೇ ಪರೀಕ್ಷೆ.

ಮುಂದಿನ ಭಾನುವಾರ ಹತ್ತು ಹತ್ತು ಕಿಲೋಗಳ ಚೀಲಗಳು ಸಿದ್ಧವಾದುವು. ಅವನ ಹೆಂಡತಿಯು ಲೆಕ್ಕ ಹೇಳಿದಳು. ಮಗಳು ಗೋಡೆಯ ಮೇಲೆ ಸುಣ್ಣದಿಂದ ಗೀಟು ಹಾಕಿದಳು. ಇಪ್ಪತ್ತು ಚೀಲಗಳವರೆಗೆ ರೆಕ್ಕೆಯು ಸ್ವಲ್ಪ ಬಾಗಿತಷ್ಟೆ. ಇಪ್ಪತ್ತೈದಕ್ಕೆ ಎಲ್ಲಿಯೋ ಒಂದು ಸಣ್ಣ ಸಪ್ಪಳ. ಮೂವತ್ತೊಂದನೆಯ ಚೀಲವನ್ನು ಇಡುತ್ತಿದ್ದಂತೆ ಬುಡದ ಒಂದು ಬೆಸುಗೆಯು ಬಿರಿದು ರೆಕ್ಕೆಯು ನೆಲಕ್ಕೆ ಮುಗ್ಗರಿಸಿತು.

ಬೇಕಾಗಿದ್ದುದು 570; ನಿಂತುದು 300. ಒಂದು ಓರೆ ತಿರುವಿನ ನಡುವೆ ಸ್ವಲ್ಪ ಗಾಳಿ ಬೀಸಿದ್ದರೆ ಸಾಕಾಗಿತ್ತು. ಸಿಡಿದ ಬೆಸುಗೆಯನ್ನು ಅವನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದನು. ಮೇಲೆ ನುಣುಪು; ಒಳಗೆ ಬೆಂಕಿಯು ಕೊಳವೆಯ ಗೋಡೆಗೆ ಹಿಡಿದೇ ಇರಲಿಲ್ಲ. “ಚೆನ್ನಾಗಿಯೇ ಕಾಣುತ್ತಿತ್ತಲ್ಲ ಮೇಷ್ಟ್ರೇ” ಎಂದನು. ಅವನ ಹೆಂಡತಿಯು ಏನೂ ಹೇಳಲಿಲ್ಲ. ಮಗಳ ಕೈಯಿಂದ ಸುಣ್ಣದ ತುಂಡನ್ನು ತೆಗೆದುಕೊಂಡು ಒಳಗೆ ಹೋದಳು.

ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೇಳುವುದುಂಟು: ಪಾತ್ರೆಯಲ್ಲಿ ಒಂದು ಅಗುಳನ್ನು ಹಿಚುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದು. ಅಡುಗೆಮನೆಯಲ್ಲಿ ಸಲ್ಲುವ ಈ ನ್ಯಾಯವು ವಿಮಾನದಲ್ಲಿ ಸಲ್ಲದು. ಅಲ್ಲಿ ತೊಂಬತ್ತೊಂಬತ್ತು ಬೆಸುಗೆಗಳು ಚೆನ್ನಾಗಿದ್ದು ನೂರನೆಯದು ಬೇಯದಿದ್ದರೆ ಊಟವೇ ಇಲ್ಲ. ನೆಲದ ಮೇಲೆ ನಿಂತ ಯಂತ್ರವೂ ಕೊಲ್ಲಬಲ್ಲುದು. 2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಫುಲ್‌ಸಾವಂಗಿ ಗ್ರಾಮದಲ್ಲಿ, ತಾನೇ ಕಟ್ಟಿದ ಹೆಲಿಕಾಪ್ಟರನ್ನು ನೆಲದ ಮೇಲೆಯೇ ಓಡಿಸಿ ಪರೀಕ್ಷಿಸುತ್ತಿದ್ದ ಇಪ್ಪತ್ತನಾಲ್ಕು ವರ್ಷದ ಬೆಸುಗೆಯ ಕೆಲಸಗಾರನೊಬ್ಬನು, ಹಿಂದಿನ ರೆಕ್ಕೆಯು ಮುರಿದು ಮೇಲಿನ ರೆಕ್ಕೆಗೆ ಬಡಿದು, ಅದರ ಏಟಿನಿಂದ ಸತ್ತನು. ಅವನ ಬುದ್ಧಿಗೂ ಶ್ರಮಕ್ಕೂ ಕೊರತೆಯಿರಲಿಲ್ಲ. ಅಂತಹ ಯುವಕರಿಗೆ ಹೊಗಳುವವರು ಬೇಗ ದೊರೆಯುವರು. ನಿಲ್ಲಿಸಿ ಪರೀಕ್ಷಿಸುವವರು ದೊರೆಯುವುದು ಕಷ್ಟ.

ಆದುದರಿಂದ ಮನೆಯಲ್ಲಿ ಇಂತಹ ಹಂಬಲದವರಿರುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಇಷ್ಟು. ಅವರನ್ನು ನಗೆಗೀಡು ಮಾಡಬೇಡಿರಿ. ನಕ್ಕರೆ ಅವರು ಬಾಗಿಲು ಹಾಕಿಕೊಂಡು ಒಬ್ಬರೇ ಕಟ್ಟುವರು, ಅದೇ ಎಲ್ಲಕ್ಕಿಂತ ಅಪಾಯ. ಬರಿಯ ಹರಕೆಯನ್ನೂ ಕೊಡಬೇಡಿರಿ. ನಕ್ಷೆ ಯಾರದು, ಅದರಂತೆ ಕಟ್ಟಿದ ವಿಮಾನಗಳು ಎಷ್ಟು ವರ್ಷಗಳಿಂದ ಹಾರುತ್ತಿವೆ, ನೀನು ಅದರಲ್ಲಿ ಏನನ್ನು ಬದಲಾಯಿಸಿದ್ದೀಯೆ, ನಿನ್ನ ಕೆಲಸವನ್ನು ನೋಡಿ ಸಹಿ ಹಾಕುವವರು ಯಾರು, ಹಾರಲು ಯಾರ ಬಳಿ ಕಲಿತೆ ಎಂಬ ಐದು ಪ್ರಶ್ನೆಗಳನ್ನು ಕೇಳಿರಿ. ಐದಕ್ಕೂ ಉತ್ತರ ಬರುವವರೆಗೆ ಯಂತ್ರವು ನೆಲದ ಮೇಲಿರಲಿ. ಉತ್ತರ ಬಂದರೆ, ಅನುಮತಿಯೂ ದೊರೆತರೆ, ಹಾರಲಿ. ಆ ದಿನ ನಾವೂ ಬಂದು ನೋಡುವೆವು.

ನಮ್ಮ ಶಿಷ್ಯನು ಚೌಕಟ್ಟನ್ನು ಮುರಿಯಲಿಲ್ಲ, ಹಾರಿಸಲೂ ಇಲ್ಲ. ಎಂಜಿನು ಮತ್ತೆ ಮೋಟಾರ್ ಸೈಕಲಿಗೆ ಹೋಯಿತು. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಡಲು ಮೂವರೂ ನಮ್ಮ ಮನೆಗೆ ಬಂದಿದ್ದರು. ಬೆಂಗಳೂರಿಗೆ ಹೋಗಿ ಜಕ್ಕೂರಿನ ವಿಮಾನಕ್ಷೇತ್ರವನ್ನು ನೋಡಿ ಬಂದನಂತೆ. ಹಾರಲು ಕಲಿಯುವ ವೆಚ್ಚವನ್ನು ಕೇಳಿ ಬೆರಗಾಗಿ, ಅದಕ್ಕಾಗಿ ತಿಂಗಳು ತಿಂಗಳು ಹಣವನ್ನು ಎತ್ತಿಡತೊಡಗಿದ್ದಾನೆ. ಅಷ್ಟರಲ್ಲಿ ಬೆಸುಗೆಯ ಪರೀಕ್ಷೆಯನ್ನು ಎಂಜಿನಿಯರಿಂಗ್ ಕಾಲೇಜಿನವರೊಬ್ಬರಿಂದ ಕ್ರಮವಾಗಿ ಕಲಿಯುತ್ತಿದ್ದಾನೆ. ಹೊರಡುವಾಗ ಅವನ ಹೆಂಡತಿಯು ನಮ್ಮ ಮನೆಯವರಿಗೆ ಹೇಳಿದ ಮಾತನ್ನು ಮಾತ್ರ ಬರೆದು ಮುಗಿಸುತ್ತೇವೆ: “ಈಗ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಕೆಲಸ ಮಾಡಿದರೂ, ಒಂದು ಸಲ ನೀನೂ ನೋಡು ಅಂತ ನನ್ನನ್ನು ಕರೀತಾರೆ ಅಮ್ಮಾ.”